ಕಣ್ಣಿನ ನಷ್ಟವೂ ಪ್ರಶ್ನಾವಳಿಯ ಭಾಷೆಯೂ

ದೃಷ್ಟಿನಷ್ಟವು ಮನುಷ್ಯನ ನಿತ್ಯದ ಬಾಳುವೆಯನ್ನು ಎಷ್ಟರ ಮಟ್ಟಿಗೆ ಕುಗ್ಗಿಸುತ್ತದೆಂಬುದನ್ನು ಅಂಕಿಗಳಲ್ಲಿ ಹಿಡಿದಿಡುವ ಪ್ರಯತ್ನವು ಈಚಿನ ಮೂರು ದಶಕಗಳಲ್ಲಿ ಒಂದು ಶಾಸ್ತ್ರದ ರೂಪವನ್ನೇ ತಾಳಿದೆ. ಈ ಶಾಸ್ತ್ರದ ಮುಖ್ಯ ಸಾಧನವು ಪ್ರಶ್ನಾವಳಿ. ರೋಗಿಯನ್ನು ಕೂರಿಸಿ ಹದಿನಾಲ್ಕೋ ಇಪ್ಪತ್ತೈದೋ ಮೂವತ್ತಮೂರೋ ಪ್ರಶ್ನೆಗಳನ್ನು ಕೇಳಿ, ಉತ್ತರಗಳಿಗೆ ಬೆಲೆ ಕಟ್ಟಿ, ಕೂಡಿ ಭಾಗಿಸಿ, ಈತನಿಗೆ ನೂರಕ್ಕೆ ಇಷ್ಟು ಎಂದು ತೀರ್ಮಾನಿಸುವುದು ಅದರ ಕ್ರಮ. ವೈದ್ಯರು ಇದನ್ನು ಉಪಕರಣವೆನ್ನುತ್ತಾರೆ. ಆದರೆ ಈ ಉಪಕರಣವು ಉಕ್ಕಿನಿಂದಲೋ ಗಾಜಿನಿಂದಲೋ ಆದದ್ದಲ್ಲ, ಮಾತಿನಿಂದ ಆದದ್ದು. ಮಾತಿನಿಂದ ಆದದ್ದರಲ್ಲಿ ಒಬ್ಬ ಕರ್ತೃ, ಅವನು ಮನಸ್ಸಿನಲ್ಲಿ ಕಲ್ಪಿಸಿಕೊಂಡ ಒಬ್ಬ ಕೇಳುಗ, ಒಂದು ಮನೆ, ಒಂದು ಬೀದಿ, ಒಂದು ಬಗೆಯ ಸಂಸಾರ ಇವೆಲ್ಲ ಅಡಗಿರುತ್ತವೆ. ಆದುದರಿಂದ ಈ ಪ್ರಶ್ನಾವಳಿಗಳನ್ನು ಕಣ್ಣಿನ ವೈದ್ಯರಿಗಷ್ಟೇ ಬಿಟ್ಟುಕೊಡದೆ, ಗ್ರಂಥವೊಂದನ್ನು ಓದುವ ಹಾಗೆ ಓದಿ ನೋಡುವುದು ಈ ಲೇಖನದ ಉದ್ದೇಶ. ಓದುವ ಸ್ಥಳ ಸೂರತ್ತಿನ ವರಾಛಾ. ಕಣ್ಣನ್ನೇ ಬಂಡವಾಳವಾಗಿ ಹೂಡಿ ಹೊಟ್ಟೆ ಹೊರೆಯುವವರು ಇಲ್ಲಿಯಷ್ಟು ಒತ್ತಾಗಿ ನೆಲೆಸಿರುವ ಬಡಾವಣೆಗಳು ನಮ್ಮ ದೇಶದಲ್ಲಿ ವಿರಳ.

ಶಾಸ್ತ್ರಕ್ಕಿಂತ ಮೊದಲೇ ನಮ್ಮ ನುಡಿಗಳು ಈ ಅಳತೆಯನ್ನು ಮಾಡಿಟ್ಟಿವೆಯೆಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎನ್ನುತ್ತಿದ್ದರು. ಮರಾಠಿಯ ‘ಚಾಳಿಶಿ’ಯ ನೆಂಟಸ್ತಿಕೆಯುಳ್ಳ ಈ ಮಾತಿನೊಳಗೆ ನಲವತ್ತೆಂಬ ಸಂಖ್ಯೆ ಕುಳಿತಿದೆ. ಗುಜರಾತಿಯವರು ಎರಡು ವರ್ಷ ಹೆಚ್ಚು ಧಾರಾಳಿಗಳು: ‘ಬೇತಾಳೀಸ್’ ಎಂದರೆ ನಲವತ್ತೆರಡು, ಆ ವಯಸ್ಸಿಗೆ ಬರುವ ಓದುಗನ್ನಡಕ ‘ಬೇತಾಳಾಂ’. (ಸೂರತ್ತಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಈ ಶಬ್ದವನ್ನು ಕೇಳಿದೊಡನೆ ವಿಕ್ರಮನ ಹೆಗಲೇರಿದವನು ನೆನಪಾದರೆ ಅವನನ್ನು ಆಕ್ಷೇಪಿಸುವಂತಿಲ್ಲ.) ಎರಡು ನುಡಿಗಳೂ ಕಣ್ಣಿನ ಇಳಿಗಾಲವನ್ನು ಅಕ್ಷರದ ಗಾತ್ರದಿಂದ ಅಳೆಯಲಿಲ್ಲ, ಆಯುಷ್ಯದ ಲೆಕ್ಕದಿಂದ ಅಳೆದುವು.

ಅಕ್ಷರದ ಗಾತ್ರದಿಂದ ಅಳೆದವನು ಉಟ್ರೆಕ್ಟಿನ ವೈದ್ಯ ಹರ್ಮನ್ ಸ್ನೆಲೆನ್. 1862ರಲ್ಲಿ ಅವನು ಪ್ರಕಟಿಸಿದ ಫಲಕದ ಸಂತಾನವೇ ಇಂದಿಗೂ ಎಲ್ಲ ಆಸ್ಪತ್ರೆಗಳ ಗೋಡೆಯ ಮೇಲೆ ತೂಗುತ್ತಿದೆ. 6/6, 6/18, 6/60 ಎಂಬ ಭಿನ್ನರಾಶಿಗಳು ಅದರಿಂದ ಬಂದವು. ಕಾನೂನಿಗೂ ಅದೇ ಆಧಾರ. ಭಾರತದಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಲೇಸಾದ ಕಣ್ಣಿನ ದೃಷ್ಟಿ 6/60ಕ್ಕಿಂತ ಕಡಿಮೆಯಿದ್ದವನನ್ನು ಅಂಧನೆಂದು ಎಣಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಗೆ ಹೊಂದಿಕೊಳ್ಳುವ ಸಲುವಾಗಿ 2017ರಲ್ಲಿ ಈ ಗಡಿಯನ್ನು 3/60ಕ್ಕೆ ಇಳಿಸಲಾಯಿತು. ಇತರ ದೇಶಗಳೊಡನೆ ಹೋಲಿಸಲು ಇದು ಅನುಕೂಲವೆಂಬುದು ನಿಜ. ಆದರೆ ಎರಡು ಗಡಿಗಳ ನಡುವೆ ಇದ್ದವರು ಯಾವ ಔಷಧಿಯೂ ಇಲ್ಲದೆ ಅಂಧರ ಪಟ್ಟಿಯಿಂದ ಹೊರಬಂದರು; ಅವರ ಮನೆಯ ಮೆಟ್ಟಿಲುಗಳು ಮಾತ್ರ ಮೊದಲಿನಷ್ಟೇ ಮಸುಕಾಗಿ ಉಳಿದುವು.

ಈಗ ವರಾಛಾದ ಕೆಲಸಗಾರನನ್ನು ಈ ಫಲಕದ ಮುಂದೆ ನಿಲ್ಲಿಸಿ ನೋಡೋಣ. ಅಮ್ರೇಲಿ, ಭಾವನಗರ ಮೊದಲಾದ ಸೌರಾಷ್ಟ್ರದ ಜಿಲ್ಲೆಗಳಿಂದ ಬಂದು ನೆಲೆಸಿದ ಈ ಜನರನ್ನು ಇಲ್ಲಿ ‘ರತ್ನಕಲಾಕಾರ’ರೆಂದು ಗೌರವದಿಂದ ಕರೆಯುತ್ತಾರೆ. ರಭಸದಿಂದ ತಿರುಗುವ ಎರಕದ ಕಬ್ಬಿಣದ ತಟ್ಟೆಗೆ ‘ಘಂಟಿ’ಯೆಂದು ಹೆಸರು. ಅದರ ಸುತ್ತ ಸಾಮಾನ್ಯವಾಗಿ ನಾಲ್ವರು ಕುಳಿತು ಹರಳನ್ನು ತಟ್ಟೆಗೆ ಒತ್ತಿ ಉಜ್ಜುತ್ತಾರೆ, ಎತ್ತಿ ಕಣ್ಣಿಗೆ ಹಿಡಿದು ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ದುಂಡು ಹರಳಿಗೆ ಐವತ್ತೇಳು ಮುಖಗಳು. ಸೂರತ್ತಿನಲ್ಲಿ ಹೇರಳವಾಗಿ ತಯಾರಾಗುವ ಸಣ್ಣ ಹರಳುಗಳಾದರೋ ಸಾಸಿವೆಯಷ್ಟೂ ಇರುವುದಿಲ್ಲ. ಕೂಲಿ ಬಹುಮಟ್ಟಿಗೆ ಹರಳಿನ ಲೆಕ್ಕದ ಮೇಲೆ. ನೋಡುವುದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಕಿರುಗಾಜು.

ಇಲ್ಲೊಂದು ಸೂಕ್ಷ್ಮವಿದೆ. ನಲವತ್ತು ದಾಟಿದವನ ಕಣ್ಣಿನೊಳಗಿನ ಮಸೂರವು ಬಿಗಿಯಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಕಿರುಗಾಜಿನ ಮೂಲಕ ನೋಡುವಾಗ ಆ ಹೊಂದಾಣಿಕೆಯ ಕೆಲಸವನ್ನು ಗಾಜೇ ಮಾಡಿಬಿಡುವುದರಿಂದ ಅವನಿಗೆ ಹರಳು ಯೌವನದಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಗಾಜನ್ನು ಕಣ್ಣಿನಿಂದ ತೆಗೆದಾಗಲೇ ತೊಡಕು. ಹರಳನ್ನು ಹಿಡಿಕೆಗೆ ಕೂರಿಸುವುದು, ಚಿಮುಟದಿಂದ ಎತ್ತುವುದು, ಪುಡಿಕೆಯ ಕಾಗದದ ಮೇಲೆ ಎಣಿಸುವುದು, ತಟ್ಟೆಯ ಮೇಲೆ ಸರಿಯಾದ ಕೋನಕ್ಕೆ ತರುವುದು ಇವೆಲ್ಲ ಬರಿಗಣ್ಣಿನ ಕೆಲಸಗಳು. ಕನ್ನಡಕ ಹಾಕಿಕೊಂಡರೆ ಕಿರುಗಾಜನ್ನು ಕಣ್ಣಿನ ಬಳಿಗೆ ತರಲು ಅಡ್ಡಿ. ತೆಗೆದರೆ ಕೈ ಮಸುಕು. ದಿನಕ್ಕೆ ನೂರಾರು ಸಲ ಈ ಎರಡು ಲೋಕಗಳ ನಡುವೆ ಹೋಗಿಬರುವುದರಲ್ಲಿ ಅವನ ಕೈಯ ವೇಗ ಸೋರಿಹೋಗುತ್ತದೆ. ಹರಳಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ವೇಗದ ಸೋರಿಕೆಯೆಂದರೆ ಅನ್ನದ ಸೋರಿಕೆ.

ಇಂಥವನು ಆರು ಮೀಟರ್ ದೂರದ ಫಲಕವನ್ನು ಕೊನೆಯ ಸಾಲಿನವರೆಗೆ ಓದಬಲ್ಲನು. 6/6. ಕಾನೂನಿನ ಕಣ್ಣಿಗೆ ಅವನಲ್ಲಿ ಯಾವ ಕೊರತೆಯೂ ಇಲ್ಲ. ಏಕೆಂದರೆ ದೃಷ್ಟಿವೈಕಲ್ಯದ ಶೇಕಡಾಪಟ್ಟಿಯು ದೂರದೃಷ್ಟಿ ಮತ್ತು ದೃಷ್ಟಿಕ್ಷೇತ್ರ ಇವೆರಡನ್ನೇ ಎಣಿಸುತ್ತದೆ. 2018ರ ಮಾರ್ಗಸೂಚಿಯ ಪ್ರಕಾರ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಶೇಕಡಾ 30. ಸವಲತ್ತಿನ ಹೊಸ್ತಿಲೋ ಶೇಕಡಾ 40. ಕಿರುಗಾಜನ್ನು ಸದಾ ಬಲಗಣ್ಣಿಗೇ ಹಿಡಿದು ಇಪ್ಪತ್ತು ವರ್ಷ ಪಳಗಿದವನು ಬಲಗಣ್ಣನ್ನೇ ಕಳೆದುಕೊಂಡರೂ ಪಟ್ಟಿಯಲ್ಲಿ ಅದೇ 30. ಯಾವ ಕಣ್ಣು, ಯಾವ ಕೆಲಸಕ್ಕೆ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಹತ್ತಿರದೃಷ್ಟಿಯ ಕೊರತೆ ಕ್ಷುಲ್ಲಕವೆಂದು ಯಾರಾದರೂ ತಿಳಿದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ 2019ರ ದೃಷ್ಟಿವರದಿಯು ಕನ್ನಡಕ ಸಿಗದ ಚಾಳೀಸಿನವರನ್ನೇ 82 ಕೋಟಿಗೆ ಮೀರಿ ಎಣಿಸಿದೆಯೆಂಬುದನ್ನು ಹೇಳಿದರೆ ಸಾಕು.

ಫಲಕದ ಈ ಮೌನವನ್ನು ತುಂಬುವುದಕ್ಕಾಗಿಯೇ ಪ್ರಶ್ನಾವಳಿಗಳು ಹುಟ್ಟಿದುವು. ಕಣ್ಣಿನ ಪೊರೆಯ ರೋಗಿಗಳಿಗಾಗಿ ಅಮೆರಿಕದಲ್ಲಿ ಸ್ಟೀನ್‌ಬರ್ಗ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ‘ವಿ.ಎಫ್.-14’ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಆಶಯ ಶ್ಲಾಘ್ಯವಾದದ್ದು: ನಿನ್ನ ಕಣ್ಣಿಗೆ ಎಷ್ಟು ಕಾಣುತ್ತದೆ ಎನ್ನುವುದರ ಬದಲು ಅದರಿಂದ ನೀನು ಏನು ಮಾಡಬಲ್ಲೆ ಎಂದು ಅದು ಕೇಳಿತು. ಆದರೆ ಆ ಹದಿನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ಓದಿದಾಗ ಅವುಗಳ ಹಿಂದಿನಿಂದ ಒಬ್ಬ ಮನುಷ್ಯನು ಎದ್ದುಬರುತ್ತಾನೆ. ಅವನು ಚೆಕ್ಕು ಬರೆಯುತ್ತಾನೆ, ಬಿಂಗೋ ಆಡುತ್ತಾನೆ, ಗಾಲ್ಫ್ ಆಡುತ್ತಾನೆ, ಹಗಲಿನಲ್ಲಿ ಒಮ್ಮೆ ರಾತ್ರಿಯಲ್ಲಿ ಒಮ್ಮೆ ಕಾರು ನಡೆಸುತ್ತಾನೆ. ಅವನು ಸಜ್ಜನನೇ, ಆದರೆ ವರಾಛಾದವನಲ್ಲ, ಹಾವೇರಿಯವನೂ ಅಲ್ಲ. ತಾನು ಮಾಡದ ಕೆಲಸದ ಪ್ರಶ್ನೆಯನ್ನು ಲೆಕ್ಕದಿಂದ ಬಿಟ್ಟುಬಿಡುವ ಅವಕಾಶ ಅದರಲ್ಲಿ ಉಂಟು. ಹಾಗೆ ಬಿಡುತ್ತ ಹೋದರೆ ನಮ್ಮ ಬಹುಜನರ ಪಾಲಿಗೆ ಹದಿನಾಲ್ಕರಲ್ಲಿ ಏಳೋ ಎಂಟೋ ಉಳಿದಾವು.

ಅಮೆರಿಕದ ರಾಷ್ಟ್ರೀಯ ನೇತ್ರಸಂಸ್ಥೆಯ ‘ವಿ.ಎಫ್.ಕ್ಯೂ.-25’ (2001) ಇದಕ್ಕಿಂತ ವಿಸ್ತಾರವಾದದ್ದು. ಕೆಲಸಗಳ ಜೊತೆಗೆ ಚಿಂತೆ, ಅವಲಂಬನೆ, ಬೆರೆತು ಬಾಳುವುದು ಇವನ್ನೂ ಅದು ಕೇಳುತ್ತದೆ. ಅದರ ಉತ್ತರಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಸ್ವಲ್ಪವೂ ಕಷ್ಟವಿಲ್ಲವೆಂದರೆ 100, ಸ್ವಲ್ಪ ಕಷ್ಟವೆಂದರೆ 75, ಸಾಧಾರಣ ಕಷ್ಟಕ್ಕೆ 50, ಅತಿ ಕಷ್ಟಕ್ಕೆ 25; ಕಣ್ಣಿನ ದೆಸೆಯಿಂದ ಆ ಕೆಲಸವನ್ನೇ ಬಿಟ್ಟಿದ್ದರೆ 0. ಬೇರೆ ಕಾರಣದಿಂದ ಬಿಟ್ಟಿದ್ದರೆ ಅಥವಾ ಆಸಕ್ತಿಯಿಲ್ಲದಿದ್ದರೆ ಆ ಪ್ರಶ್ನೆಗೆ ಅಂಕವೇ ಇಲ್ಲ, ಅದು ಖಾಲಿ.

ಈ ‘ಬೇರೆ ಕಾರಣ’ವೆಂಬ ಬಾಗಿಲಿನಿಂದ ನಮ್ಮ ಸಂಸಾರದ ಅರ್ಧ ಕತೆ ಹೊರಗೆ ಹೋಗಿಬಿಡುತ್ತದೆ. ಅತ್ತೆಯು ಅಡಿಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟದ್ದು ಕಣ್ಣಿನ ಕಾರಣದಿಂದಲೇ, ಪದ್ಧತಿಯ ಕಾರಣದಿಂದಲೇ? ಸಾಸಿವೆ ಸಿಡಿದದ್ದು ಕಾಣದೆ ಒಗ್ಗರಣೆ ಸೀದುಹೋದ ದಿನವೇ ‘ಇನ್ನು ನೀನೇ ನೋಡಿಕೋ ಮಗಳೇ’ ಎಂದು ಆಕೆ ಹೇಳಿದ್ದರೆ, ಮನೆಯವರೆಲ್ಲ ಅದನ್ನು ದೊಡ್ಡತನವೆಂದೇ ತಿಳಿದಿರುತ್ತಾರೆ. ಆಕೆಯೂ ಹಾಗೆಯೇ ತಿಳಿಯಲು ಬಯಸುತ್ತಾಳೆ. ಪ್ರಶ್ನಾವಳಿಯಲ್ಲಿ ಆ ಸ್ಥಳ ಖಾಲಿ. ನಲವತ್ತೈದರಲ್ಲಿ ಘಂಟಿಯನ್ನು ಬಿಟ್ಟು ಸೀರೆಯ ಅಂಗಡಿಯಲ್ಲಿ ಗಂಟು ಕಟ್ಟಲು ಸೇರಿದವನೂ ‘ವಜ್ರದ ಪೇಟೆ ಮಂದವಾಗಿತ್ತು’ ಎಂದೇ ಹೇಳುವನು. ಈಚಿನ ವರ್ಷಗಳಲ್ಲಿ ಆ ಪೇಟೆ ನಿಜವಾಗಿ ಮಂದವಾಗಿಯೇ ಇದ್ದುದರಿಂದ ಅವನ ಮಾತನ್ನು ಸುಳ್ಳೆನ್ನುವಂತೆಯೂ ಇಲ್ಲ. ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವಲ್ಲಿ ‘ಕಣ್ಣೋ, ಬೇರೆಯೋ’ ಎಂಬ ಇಬ್ಬಗೆಯ ಪ್ರಶ್ನೆಯು ಕತ್ತರಿಯಂತೆ ಕೆಲಸ ಮಾಡುತ್ತದೆ.

ಇನ್ನು ನಮ್ಮವರ ವಿಷಯಕ್ಕೆ ಬರೋಣ. ಧಾರವಾಡದ ಕಡೆಯಿಂದಲೋ ಕುಂದಾಪುರದ ಕಡೆಯಿಂದಲೋ ಮುಪ್ಪಿನಲ್ಲಿ ಮಗನ ಮನೆಗೆ ಬಂದು ಸೇರಿದ ತಾಯಂದಿರು ಗುಜರಾತಿನ ಕನ್ನಡ ಮನೆಗಳಲ್ಲಿ ಹಲವರಿದ್ದಾರೆ. ಅಂಥ ತಾಯಿಯೊಬ್ಬಳನ್ನು ಈ ಪ್ರಶ್ನಾವಳಿಯ ಮುಂದೆ ಕೂರಿಸಿರೆಂದು ಭಾವಿಸಿರಿ. ‘ಬೀದಿಯ ಫಲಕಗಳನ್ನೂ ಅಂಗಡಿಯ ಹೆಸರುಗಳನ್ನೂ ಓದಲು ನಿಮಗೆ ಎಷ್ಟು ಕಷ್ಟ?’ ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಆಕೆಗೆ ಬಹಳ ಕಷ್ಟ, ಫಲಕಗಳೆಲ್ಲ ಗುಜರಾತಿಯಲ್ಲಿವೆ. ಕಣ್ಣಿನ ಪೊರೆಯನ್ನು ಎಷ್ಟು ಚೆನ್ನಾಗಿ ತೆಗೆದರೂ ಈ ಅಂಕ ಏರದು. ಊರಿನ ಮನೆಯಲ್ಲಿ ಕತ್ತಲೆಯಲ್ಲಿಯೂ ಉಪ್ಪಿನ ಮರಿಗೆಗೆ ಕೈ ಹಾಕುತ್ತಿದ್ದವಳು, ಹಿತ್ತಿಲ ಬಾವಿಯ ಕಟ್ಟೆಯನ್ನು ಕಾಲಿನಿಂದಲೇ ಅರಿತಿದ್ದವಳು, ಇಲ್ಲಿ ಆರನೆಯ ಅಂತಸ್ತಿನ ಮನೆಯಲ್ಲಿ ಹಾಡುಹಗಲೇ ಗೋಡೆ ಹಿಡಿದು ನಡೆಯುತ್ತಾಳೆ. ಕಣ್ಣು ಅದೇ, ಫಲಕದ ಅಂಕಿಯೂ ಅದೇ. ಕಾರ್ಯಶಕ್ತಿ ಮಾತ್ರ ರೈಲಿನಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ಇಳಿದುಹೋಗಿದೆ. ವಲಸೆಯೇ ಒಂದು ಬಗೆಯ ದೃಷ್ಟಿನಷ್ಟವೆಂಬುದನ್ನು ಯಾವ ಪ್ರಶ್ನಾವಳಿಯೂ ಗಮನಿಸಿದಂತಿಲ್ಲ. ಸೌರಾಷ್ಟ್ರದ ಹಳ್ಳಿಯಿಂದ ಮಗನ ಹಿಂದೆ ವರಾಛಾಕ್ಕೆ ಬಂದ ಮುದುಕಿಯ ಪಾಡೂ ಇದೇ.

ಮೇಲಾಗಿ ಆಕೆಗೆ ವೈದ್ಯರ ಭಾಷೆ ಬಾರದು. ನಡುವೆ ಮಗ ನಿಲ್ಲುತ್ತಾನೆ. ಪ್ರಶ್ನೆಯನ್ನು ಅರ್ಧ ಅನುವಾದಿಸಿ, ಉತ್ತರವನ್ನು ಪೂರ್ತಿ ತಾನೇ ಹೇಳುತ್ತಾನೆ: ‘ಅಮ್ಮನಿಗೆ ಹಾಗೇನೂ ತೊಂದರೆಯಿಲ್ಲ, ಮನೆಯಲ್ಲೇ ಇರ್ತಾರೆ’. ತಾಯಿಯನ್ನೇ ಕೇಳಿದರೂ ಬರುವ ಉತ್ತರವು ‘ನಡೀತದ’ ಎಂದು. ಕುಂದಾಪುರದವಳಾದರೆ ‘ಅಡ್ಡಿಲ್ಲ’ ಎಂದು. ಗುಜರಾತಿಯ ‘ಚಾಲೇ ಛೇ’ ಇದರ ಒಡಹುಟ್ಟು. ಈ ಮಾತುಗಳು ಕಷ್ಟವಿಲ್ಲವೆಂದು ಹೇಳುವುದಿಲ್ಲ. ಕಷ್ಟದ ಮಾತನ್ನು ಇಲ್ಲಿಗೆ ನಿಲ್ಲಿಸೋಣವೆಂದು ಹೇಳುತ್ತವೆ. ಪ್ರಶ್ನೆ ಕೇಳುವವನು ಅದನ್ನು ನೂರೆಂದು ಬರೆದುಕೊಳ್ಳುತ್ತಾನೆ. ಕನ್ನಡದ ಯಾವ ವಿದ್ಯಾರ್ಥಿಯೂ ಈ ಧ್ವನಿಯನ್ನು ತಪ್ಪಾಗಿ ತಿಳಿಯಲಾರನು. ಪ್ರಶ್ನಾವಳಿಗೆ ಧ್ವನಿಯಿಲ್ಲ, ವಾಚ್ಯಾರ್ಥ ಮಾತ್ರ.

ನಮ್ಮ ದೇಶದ ಸಂಶೋಧಕರು ಇದನ್ನೆಲ್ಲ ಅರಿಯದವರೆಂದರೆ ಅನ್ಯಾಯವಾದೀತು. 2005ರಲ್ಲಿ ಪ್ರಕಟವಾದ ‘ಇಂಡ್-ವಿ.ಎಫ್.ಕ್ಯೂ.-33’ ಎಂಬ ಭಾರತೀಯ ಪ್ರಶ್ನಾವಳಿಯನ್ನು ರಚಿಸುವಾಗ ರೋಗಿಗಳನ್ನೇ ಗುಂಪುಗುಂಪಾಗಿ ಕೂರಿಸಿ ಅವರ ಮಾತನ್ನು ಕೇಳಿ, ಆ ಮಾತಿನಿಂದ ಪ್ರಶ್ನೆಗಳನ್ನು ಆರಿಸಲಾಯಿತು. ನಿತ್ಯದ ಕೆಲಸಗಳ ಬಗ್ಗೆ 21, ಮನಸ್ಸಿನ ಬಗ್ಗೆ 5, ಕಣ್ಣಿನ ಲಕ್ಷಣಗಳ ಬಗ್ಗೆ 7 ಪ್ರಶ್ನೆಗಳು. ಇಲ್ಲಿ ಗಾಲ್ಫ್ ಇಲ್ಲ. ದಾರಿಯ ತಗ್ಗುದಿಣ್ಣೆ ಕಾಣುವುದೇ, ಎದುರಿಗೆ ದನವೋ ಗಾಡಿಯೋ ಬಂದರೆ ತಿಳಿಯುವುದೇ, ಬೀಗಕ್ಕೆ ಕೀಲಿ ಹಾಕಬಲ್ಲಿರೇ, ನಾಣ್ಯ ನೋಟುಗಳ ಭೇದ ಗೊತ್ತಾಗುವುದೇ, ಊಟದಲ್ಲಿ ಏನಾದರೂ ಬಿದ್ದಿದ್ದರೆ ಕಾಣುವುದೇ ಎಂಬವು ಅದರ ಪ್ರಶ್ನೆಗಳು. ‘ನಾನು ಇತರರಿಗೆ ಭಾರವಾಗಿದ್ದೇನೆ’ ಎಂಬ ಭಾವವೂ, ಉಳಿದಿರುವ ದೃಷ್ಟಿಯೂ ಹೋದೀತೆಂಬ ಹೆದರಿಕೆಯೂ ಅಲ್ಲಿ ಸ್ಥಾನ ಪಡೆದಿವೆ. ಓದುವಾಗಲೇ ಇದು ನಮ್ಮ ಬೀದಿ, ನಮ್ಮ ತಟ್ಟೆ ಎನಿಸುತ್ತದೆ. ಇಂಥ ಗ್ರಂಥಗಳಲ್ಲಿ ಇದನ್ನು ನಾನು ಉತ್ತಮವೆಂದು ಎಣಿಸುತ್ತೇನೆ. ಆದರೂ ಇದರ ನಾಯಕ ಹಳ್ಳಿಯ ಮುದುಕ. ದುಡಿಮೆಯನ್ನು ಎಂದಿನ ಮಟ್ಟದಲ್ಲಿ ಮಾಡಬಲ್ಲಿರಾ ಎಂಬಷ್ಟರಲ್ಲಿ ಜೀವನೋಪಾಯದ ಮಾತು ಮುಗಿಯುತ್ತದೆ. ಘಂಟಿಯ ಮುಂದಿನವನ ನಷ್ಟವೆಲ್ಲ ಆ ಒಂದು ವಾಕ್ಯದ ಕಿಷ್ಕಿಂಧದಲ್ಲಿ ಸೇರಿಕೊಳ್ಳಬೇಕು.

ಅಂಕಗಣಿತದ ದೋಷವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ನಾಲ್ಕು ಸೇರು ಅಕ್ಕಿ ಎರಡು ಸೇರಿನ ಇಮ್ಮಡಿ. ‘ಸಾಧಾರಣ ಕಷ್ಟ’ವು ‘ಸ್ವಲ್ಪ ಕಷ್ಟ’ದ ಇಮ್ಮಡಿಯೆಂದು ಗೊತ್ತುಮಾಡಿದವರಾರು? ಮೆಟ್ಟಿಲನ್ನು ಕಾಣದಿರುವುದೂ ಸಿನೆಮಾ ಕಾಣದಿರುವುದೂ ಸಮತೂಕದವೆಂದು ಕೂಡುವುದಾದರೂ ಹೇಗೆ? ಡೆನ್ಮಾರ್ಕಿನ ಗಣಿತಜ್ಞ ಗೇಯಾರ್ಗ್ ರಾಷ್ 1960ರಲ್ಲಿ ಪ್ರಕಟಿಸಿದ ವಿಧಾನವು ಪ್ರಶ್ನೆಯ ಕಾಠಿಣ್ಯವನ್ನೂ ವ್ಯಕ್ತಿಯ ಸಾಮರ್ಥ್ಯವನ್ನೂ ಒಂದೇ ಅಳತೆಪಟ್ಟಿಯ ಮೇಲೆ ತರಲು ನೆರವಾಗುತ್ತದೆ. ಹೊಸ ತಲೆಮಾರಿನವರು ಅದನ್ನೇ ಬಳಸುತ್ತಿದ್ದಾರೆ. ಕೂಡಿಕೆ ಸರಿಹೋದೀತು. ಕೂಡಬೇಕಾದದ್ದು ಯಾವುದೆಂಬುದನ್ನು ಗಣಿತವು ಹೇಳಲಾರದು.

ಅವಲಂಬನೆಯ ಪ್ರಶ್ನೆಯು ಇದಕ್ಕಿಂತ ಗಂಭೀರವಾದದ್ದು. ಇತರರು ಹೇಳಿದ್ದನ್ನು ಅತಿಯಾಗಿ ನೆಚ್ಚಬೇಕಾಗಿದೆಯೇ, ಇತರರ ಸಹಾಯ ಬಹಳ ಬೇಕೇ ಎಂದು ವಿ.ಎಫ್.ಕ್ಯೂ.-25 ಕೇಳುತ್ತದೆ, ಹೌದೆಂದರೆ ಅಂಕ ಇಳಿಯುತ್ತದೆ. ಗುಜರಾತಿನಲ್ಲಿಯೇ ಬಾಳಿದ ಪಂಡಿತ ಸುಖಲಾಲಜಿ ಸಂಘವಿಯವರನ್ನು (1880–1978) ನೆನೆಯಿರಿ. ಹದಿನಾರರ ವಯಸ್ಸಿನಲ್ಲಿ ಸಿಡುಬಿನಿಂದ ಎರಡು ಕಣ್ಣುಗಳನ್ನೂ ಕಳೆದುಕೊಂಡ ಅವರು ಪರರ ಬಾಯಿಂದ ಕೇಳಿ ಕಲಿತು, ಪರರ ಕೈಯಿಂದ ಬರೆಯಿಸಿ, ಬೇಚರದಾಸ ದೋಶಿಯವರೊಡನೆ ‘ಸನ್ಮತಿತರ್ಕ’ದಂಥ ಗಹನವಾದ ಗ್ರಂಥವನ್ನು ಸಂಪಾದಿಸಿದರು, 1958ರಲ್ಲಿ ‘ದರ್ಶನ ಅನೇ ಚಿಂತನ’ಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ತೀರಿಕೊಂಡ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳೂ ನಡೆಸಿದ್ದು ಇಂಥ ಕೇಳಿ ಕಲಿಯುವ ಪರಂಪರೆಯನ್ನೇ. ಇವರೆಲ್ಲ ಆ ಎರಡು ಪ್ರಶ್ನೆಗಳಲ್ಲಿ ಸೊನ್ನೆಯ ಸಮೀಪಕ್ಕೆ ಬರುವರು! ಶ್ರುತಿಯಿಂದ ವಿದ್ಯೆಯನ್ನು ಉಳಿಸಿಕೊಂಡ ನಾಡಿನಲ್ಲಿ ಕೇಳಿ ನೆಚ್ಚುವುದನ್ನು ಕೊರತೆಯೆಂದು ಎಣಿಸುವುದು ವಿಚಿತ್ರವೇ ಸರಿ.

ಆದರೆ ಈ ಮಹನೀಯರನ್ನು ತೋರಿಸಿ, ‘ನೋಡಿ, ಕಣ್ಣಿಲ್ಲದೆಯೂ ಸಾಧಿಸಬಹುದು’ ಎಂದು ಉಳಿದವರ ಬಾಯಿ ಮುಚ್ಚಿಸುವ ವಾಡಿಕೆಯನ್ನು ನಾನು ಒಪ್ಪಲಾರೆ. ಅವರ ಸಾಧನೆಯ ಹಿಂದೆ ಓದಿ ಹೇಳುವವರಿದ್ದರು, ಬರೆದುಕೊಳ್ಳುವವರಿದ್ದರು. ಗದುಗಿನಲ್ಲಿ ಅನ್ನವಿತ್ತು, ಗುರುವಿದ್ದ, ಕಣ್ಣನ್ನು ಬೇಡದ ಒಂದು ವಿದ್ಯೆಯಿತ್ತು. ವರಾಛಾದ ಕೆಲಸಗಾರನಿಗೆ ಗೊತ್ತಿರುವುದು ಕಣ್ಣನ್ನೇ ಬೇಡುವ ವಿದ್ಯೆ. ಕಾರ್ಯಶಕ್ತಿಯೆಂಬುದು ಕಣ್ಣಿನೊಳಗೆ ಇರುವುದಲ್ಲ; ಕಣ್ಣು, ಕಸುಬು, ಸುತ್ತಲಿನ ಜನ ಈ ಮೂರರ ನಡುವೆ ಇರುವುದು.

ಮಾತನ್ನೇ ನಂಬದವರು ಬೇರೊಂದು ದಾರಿ ಹಿಡಿದಿದ್ದಾರೆ. ಅಸ್ಸಾಮಿನ ಚಹಾತೋಟಗಳಲ್ಲಿ ನಲವತ್ತು ಮೀರಿದ 751 ಕೆಲಸಗಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಓದುಗನ್ನಡಕ ಪಡೆದವರ ಎಲೆ ಬಿಡಿಸುವ ಪ್ರಮಾಣವು ಪಡೆಯದವರದಕ್ಕಿಂತ ಶೇಕಡಾ 22ರಷ್ಟು ಹೆಚ್ಚಿ ಬೆಳೆಯಿತು. ಕಿಲೋಗ್ರಾಮು ಮುಲಾಜು ಮಾಡುವುದಿಲ್ಲ, ‘ನಡೀತದ’ ಎನ್ನುವುದಿಲ್ಲ. ಬಾಂಗ್ಲಾದೇಶದಲ್ಲಿ ಇಂಥದೇ ಪ್ರಯೋಗದಿಂದ ಆದಾಯವು ಶೇಕಡಾ 33ರಷ್ಟು ಏರಿದುದು 2024ರಲ್ಲಿ ಪ್ರಕಟವಾಗಿದೆ. ಹರಳಿನ ಲೆಕ್ಕವನ್ನು ದಿನದಿನವೂ ಬರೆದಿಡುವ ವರಾಛಾದಲ್ಲಿ ಇಂಥ ಅಳತೆಗೆ ಅನುಕೂಲ ಇನ್ನೂ ಹೆಚ್ಚು. ಆದರೆ ಎಣಿಕೆಗೂ ಅದರದೇ ಕುರುಡುಂಟು. ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ಅಲೆದು ಆರು ಲಕ್ಷಕ್ಕೂ ಮೀರಿ ಶಸ್ತ್ರಕ್ರಿಯೆ ಮಾಡಿದರು. ಆ ಸಂಖ್ಯೆಗೆ ತಲೆಬಾಗದ ಕನ್ನಡಿಗನಿಲ್ಲ. ಕಣ್ಣೊಳಗೆ ಕೃತಕ ಮಸೂರವನ್ನು ಕೂರಿಸುವ ಕ್ರಮ ಬರುವುದಕ್ಕೆ ಮುಂಚಿನ ಆ ದಿನಗಳಲ್ಲಿ ಪೊರೆ ತೆಗೆಸಿಕೊಂಡವನು ದಪ್ಪಗಾಜಿನ ಕನ್ನಡಕವಿಲ್ಲದೆ ಏನನ್ನೂ ಸ್ಪಷ್ಟವಾಗಿ ಕಾಣಲಾರದವನಾಗಿದ್ದನು. ಜಾತ್ರೆಯಲ್ಲಿ ಕನ್ನಡಕ ಒಡೆದರೆ ಅವನು ಮತ್ತೆ ಕುರುಡ. ಲೆಕ್ಕದಲ್ಲಿ ಮಾತ್ರ ಗುಣವಾದವನು. ಶಸ್ತ್ರಕ್ರಿಯೆಯ ಎಣಿಕೆ, ಎಲೆಯ ತೂಕ, ಹರಳಿನ ಲೆಕ್ಕ ಇವು ಯಾವುವೂ ಆ ಒಡೆದ ಗಾಜಿನ ಮುಂದೆ ಕುಳಿತವನ ದಿನವನ್ನು ಹೇಳಲಾರವು. ಅದನ್ನು ಹೇಳಿಸುವುದಕ್ಕೆ ಕೊನೆಗೂ ಪ್ರಶ್ನೆಯೇ ಬೇಕು.

ಹಾಗಾದರೆ ಎಂಥ ಪ್ರಶ್ನೆ? ವರಾಛಾದಲ್ಲಿ ಕೇಳತಕ್ಕದ್ದು, ‘ಹತ್ತಿರದ ಕೆಲಸ ಕಷ್ಟವೇ’ ಎಂದಲ್ಲ. ‘ಐದು ವರ್ಷದ ಹಿಂದೆ ದಿನಕ್ಕೆ ಎಷ್ಟು ಹರಳು ಮುಗಿಯುತ್ತಿತ್ತು, ಈಗ ಎಷ್ಟು? ಸಣ್ಣ ಹರಳು ಬಿಟ್ಟು ದೊಡ್ಡದನ್ನು ಬೇಡಲು ತೊಡಗಿದ್ದು ಯಾವಾಗ? ಪಕ್ಕದವನಿಗೆ ತೋರಿಸಿ ಸರಿಯೇ ಎಂದು ಕೇಳುವುದುಂಟೇ?’ ಎಂದು. ಅದೂ ಕಾರ್ಖಾನೆಯ ಹೊರಗೆ, ಯಜಮಾನನ ಕಿವಿಗೆ ಬೀಳದಂತೆ. ಜಾಗ ಹೋದೀತೆಂಬ ಅಂಜಿಕೆಯಿದ್ದಲ್ಲಿ ಎಲ್ಲರ ಕಣ್ಣೂ ನೂರಕ್ಕೆ ನೂರು. ಉತ್ತರಾಯಣದ ದಿನ ಮಾಳಿಗೆಯ ಮೇಲೆ ನಿಂತಾಗ ಮೊಮ್ಮಗನ ಗಾಳಿಪಟ ಯಾವುದೆಂದು ಗುರುತಿಸುತ್ತೀರಾ ಎಂಬುದನ್ನೂ ಕೇಳಬೇಕು. ಅದರಿಂದ ಕೂಲಿಗೆ ಏನೂ ಆಗದಿದ್ದರೂ ಸೂರತ್ತಿನಲ್ಲಿ ಬಾಳುವವನಿಗೆ ಅದು ಸಣ್ಣ ಮಾತಲ್ಲ. ನಮ್ಮ ತಾಯಂದಿರಿಗೆ ಅಕ್ಕಿಯಲ್ಲಿ ಕಲ್ಲು ಆರಿಸುವುದು, ರಂಗೋಲಿಯ ಚುಕ್ಕಿ, ಪಂಚಾಂಗದ ಅಕ್ಷರ ಇವನ್ನು ಕೇಳಬೇಕು. ಪ್ರತಿಯೊಂದರ ಬೆನ್ನಿಗೂ ‘ಊರಿನಲ್ಲಿ ಇದನ್ನು ಮಾಡುತ್ತಿದ್ದಿರಾ?’ ಎಂಬ ಇನ್ನೊಂದು ಪ್ರಶ್ನೆಯನ್ನು ಸೇರಿಸಿದರೆ ಕಣ್ಣಿನ ನಷ್ಟವನ್ನೂ ಊರಿನ ನಷ್ಟವನ್ನೂ ಬೇರ್ಪಡಿಸಿ ನೋಡಬಹುದು.

ಇದಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಾಗಿಲ್ಲ. ಕನ್ನಡ, ಗುಜರಾತಿ ಎರಡನ್ನೂ ಬಲ್ಲ ಒಬ್ಬರು ಶಸ್ತ್ರಕ್ರಿಯೆಗೆ ಮೊದಲು ಒಮ್ಮೆ, ಮೂರು ತಿಂಗಳ ತರುವಾಯ ಒಮ್ಮೆ, ಆ ಹಿರಿಯರ ಬಳಿ ಅರ್ಧ ಗಂಟೆ ಕುಳಿತು ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಂಡರೆ ಆಯಿತು. ಆ ಅರ್ಧ ಗಂಟೆ ಮಗನು ಹೊರಗೆ ಚಹಾ ಕುಡಿದುಬರಲಿ.